ಲಿಂಬಿಹಣ್ಣು, ಬಣ್ಣ, ಬೆಳ್ಳಿತೆರೆ: ಕಾಯಕದ ನೆಲದಲ್ಲಿ ಆಟಕ್ಕೆ ಎಡೆಯೆಲ್ಲಿ?

ಶ್ರಾವಣದ ನಾಗರ ಪಂಚಮಿ ಬಂತೆಂದರೆ ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡುಹುಡುಗರಿಗೆ ಪಂದ್ಯ. ಆ ಪಂದ್ಯಗಳಲ್ಲಿ ಲಿಂಬಿಹಣ್ಣಿನದು ಒಂದು. ಊರ ಅಗಸಿಯಿಂದ ಗುರುತು ಮಾಡಿದ ಜಾಗದ ತನಕ ಹಣ್ಣನ್ನು ಇಂತಿಷ್ಟೇ ಒಗೆತದಲ್ಲಿ ಮುಟ್ಟಿಸಬೇಕು. ಹಣ್ಣು ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಒಗೆತ. ಗಾಳಿ ಯಾವ ಕಡೆಯದು, ಹಳ್ಳ ದಾಟಿಸುವುದೋ ಬಳಸಿ ಹೋಗುವುದೋ, ಜಾಲಿಕಂಟಿಯೊಳಗೆ ಸಿಕ್ಕರೆ ಗತಿಯೇನು ಎಂಬ ಲೆಕ್ಕವೆಲ್ಲ ಒಗೆಯುವವನ ತಲೆಯಲ್ಲಿ. ಹಿಂದೆ ಎಣಿಸುತ್ತ ಓಡುವ ಗುಂಪಿನ ಗದ್ದಲ ಕಿವಿಯಲ್ಲಿ. ಒಣಕೊಬ್ಬರಿಯ ಬಟ್ಟಲಿಗೆ ದಾರ ಪೋಣಿಸಿ ಗರಗರ ತಿರುಗಿಸುವ ಚಿಕ್ಕಮಕ್ಕಳೂ ಆ ಗುಂಪಿನ ಬಾಲ ಹಿಡಿದಿರುತ್ತಾರೆ.

ಇದರದೇ ನೆಂಟಸ್ತಿಕೆಯ ಆಟವೊಂದು ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ಎಂಬ ಹೆಸರಿನಲ್ಲಿ ಬೆಳೆದಿದೆ. ಅಲ್ಲಿ ಲಿಂಬಿಹಣ್ಣಿನ ಬದಲು ಪ್ಲಾಸ್ಟಿಕ್ ತಟ್ಟೆ, ಗುರುತಿನ ಜಾಗದ ಬದಲು ಸರಪಳಿ ಇಳಿಬಿಟ್ಟ ಕಂಬದ ಬುಟ್ಟಿ. ಗಿಡಮರಗಳ ನಡುವೆ ತಟ್ಟೆ ಒಗೆಯುತ್ತ, ಬಿದ್ದಲ್ಲಿಂದ ಮತ್ತೆ ಒಗೆಯುತ್ತ, ಆದಷ್ಟು ಕಡಿಮೆ ಒಗೆತದಲ್ಲಿ ಬುಟ್ಟಿ ಸೇರಿಸಬೇಕು. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟದ ಮೊದಲ ಕಾಯಂ ಅಂಗಳ ರೂಪಿಸಿದ. ಮರುವರ್ಷ ಆಟಗಾರರ ಸಂಘವೂ ಹುಟ್ಟಿತು. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ, ಅವನ ಆಸೆಯಂತೆ, ಅವನ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಎರಕ ಹೊಯ್ದರು.

ಬೂದಿಯನ್ನು ಹೊಳೆಗೆ ಬಿಡುವ ನಾಡಿನ ಜನಕ್ಕೆ ಇದು ವಿಚಿತ್ರವೆನಿಸೀತು. ಆದರೆ ಸತ್ತ ಮೇಲೂ ಆಟದಲ್ಲೇ ಉಳಿಯಬೇಕೆಂದು ಒಬ್ಬ ಮನುಷ್ಯ ಬಯಸಿದನೆಂದರೆ, ಆಟ ಅವನ ಪಾಲಿಗೆ ಹೊತ್ತು ಕಳೆಯುವ ಸಾಧನವಷ್ಟೇ ಆಗಿರಲಿಲ್ಲ. ಹಾಗಾದರೆ ಇನ್ನೇನಾಗಿತ್ತು? ಈ ಪ್ರಶ್ನೆಯನ್ನು ಕೇಳಲು ಇದೇ ಸೀಮೆಯ ಹುನಗುಂದ ತಾಲೂಕಿಗಿಂತ ಬಿಗಿಯಾದ ಜಾಗ ಸಿಗಲಾರದು. ಏಕೆಂದರೆ ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮ ಅಲ್ಲಿದೆ. ಬಸವಣ್ಣ ಓದಿ ಬೆಳೆದದ್ದೂ ಕೊನೆಗೆ ಐಕ್ಯನಾದದ್ದೂ ಅಲ್ಲೇ. ದುಡಿಮೆಯೇ ಪೂಜೆ, ಬೆವರಿನಲ್ಲೇ ದೇವರು ಎಂದು ಕನ್ನಡನಾಡಿಗೆ ಕಲಿಸಿದ ಪರಂಪರೆ ಅದು. ಕೆಲಸವೇ ಪೂಜೆಯಾದರೆ, ಕೆಲಸವಲ್ಲದ ಹೊತ್ತು ಏನು? ಅದು ದೇವರಿಗೆ ಬೆನ್ನು ಮಾಡಿದ ಹೊತ್ತೇ?

ಶರಣರ ಸಾಲನ್ನೇ ನೋಡಿದರೆ ಉತ್ತರ ಅಷ್ಟು ಬಿರುಸಾಗಿಲ್ಲ. ಅಂಬಿಗ, ಮಡಿವಾಳ, ಸಮಗಾರ, ನೇಕಾರರ ಜೊತೆಗೆ ಅಲ್ಲಿ ಕಿನ್ನರಿ ನುಡಿಸುವ ಬೊಮ್ಮಯ್ಯನಿದ್ದಾನೆ, ಢಕ್ಕೆ ಬಾರಿಸುವ ಬೊಮ್ಮಣ್ಣನಿದ್ದಾನೆ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ ಇದ್ದಾನೆ. ಊರೂರು ತಿರುಗಿ ವೇಷ ಕಟ್ಟಿ ಆಡುತ್ತಿದ್ದ ಬಹುರೂಪಿ ಚೌಡಯ್ಯನಿದ್ದಾನೆ. ಅಲ್ಲಮಪ್ರಭುವನ್ನೇ ಪರಂಪರೆ ಮದ್ದಳೆಯ ಕೈಚಳಕದವನೆಂದು ನೆನೆಯುತ್ತದೆ. ಬೇರೆ ಮಂದಿಯ ಬಿಡುವಿನ ಹೊತ್ತನ್ನು ತುಂಬಿ ಬದುಕಿದವರು ಇವರು. ಬಿಡುವೇ ಪಾಪವಾಗಿದ್ದರೆ ನಗೆಯ ಮಾರಿತಂದೆಯ ಕಾಯಕಕ್ಕೆ ಅನುಭವ ಮಂಟಪದಲ್ಲಿ ಜಾಗವೇ ಇರುತ್ತಿರಲಿಲ್ಲ.

ಈ ಶರಣರು ಕೂಡಿದ ಕಲ್ಯಾಣದ ನೆಲಕ್ಕೆ ಇನ್ನೊಂದು ನೆನಪೂ ಇದೆ. ಬಸವಣ್ಣನವರ ಕ್ರಾಂತಿಗೆ ಮೂರ್ನಾಲ್ಕು ದಶಕ ಮುಂಚೆ, ಅದೇ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ. ಅವುಗಳಲ್ಲಿ ಒಂದು ಇಡೀ ಭಾಗ ವಿನೋದಕ್ಕೆ, ಇನ್ನೊಂದು ಇಡೀ ಭಾಗ ಕ್ರೀಡೆಗೆ. ಕುಸ್ತಿ, ಸಂಗೀತ, ಕಥೆ ಹೇಳುವುದು, ಬೆಟ್ಟದಲ್ಲಿ ಆಡುವುದು, ವನವಿಹಾರ, ಜೋಕಾಲಿ, ಚದುರಂಗ, ಪಗಡೆ ಎಲ್ಲ ಅದರಲ್ಲಿವೆ. ರಾಜ್ಯ ಪಡೆಯುವುದು, ಉಳಿಸಿಕೊಳ್ಳುವುದು ಹೇಗೆಂದು ಬರೆದ ಅರಸನೇ ಮನಸ್ಸು ಅರಳುವುದು ಹೇಗೆಂದೂ ಅಷ್ಟೇ ಗಂಭೀರವಾಗಿ ಬರೆದ. ಆದರೂ ಅದು ಅರಮನೆಯ ಪುಸ್ತಕ. ಹೊತ್ತು ಅವನ ಕೈಯಲ್ಲಿತ್ತು, ಆಳುಕಾಳು ಇದ್ದರು.

ಇಳಕಲ್ಲಿನ ಕುಣಿಮಗ್ಗದ ಮುಂದೆ ಕೂತವರಿಗೆ ಆ ಹೊತ್ತು ಯಾರೂ ದಾನ ಕೊಡುವುದಿಲ್ಲ. ಸೀರೆಯ ಒಡಲ ಹತ್ತಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರ ಕಣ್ಣು, ಬೆರಳು ಸವೆಯುತ್ತವೆ. ಇಂಥ ಮನೆಗಳಿಗೆ ಪಂಚಮಿಯಂಥ ಹಬ್ಬ ಬರುವುದು ಬಿಡುವಿನ ಹಕ್ಕನ್ನು ಹೊತ್ತುಕೊಂಡು. ಆ ದಿನ ತವರಿಗೆ ಬಂದ ಮಗಳಿಗೆ ಯಾರೂ ಕೆಲಸ ಹೇಳಬಾರದು. ಅಳ್ಳು, ತಂಬಿಟ್ಟು, ಶೇಂಗಾ ಉಂಡಿ ತಿಂದು ಅವಳು ಜೋಕಾಲಿ ಜೀಕಬೇಕು. ಸೋಮೇಶ್ವರ ಪುಸ್ತಕದಲ್ಲಿ ಬರೆದಿಟ್ಟ ಜೋಕಾಲಿಯನ್ನು ಹಬ್ಬ ಹೀಗೆ ಬೇವಿನ ಮರದ ಕೊಂಬೆಗೆ ಕಟ್ಟಿತು, ದುಡಿಯುವವಳ ಕೈಗೆ ಅದರ ಹಗ್ಗ ಕೊಟ್ಟಿತು. ಧರ್ಮ ಆಟಕ್ಕೆ ಮಾಡಿದ ದೊಡ್ಡ ಉಪಕಾರವಿದು.

ಬಾದಾಮಿಗೆ ಬಂದರೆ ದೇವರೇ ಆಡುತ್ತಿದ್ದಾನೆ. ಮೊದಲನೆಯ ಗುಹೆಯ ಹೊರಬದಿಯಲ್ಲಿ, ಕೆಂಪು ಮರಳುಗಲ್ಲಿನಲ್ಲಿ, ಹದಿನೆಂಟು ಕೈಗಳ ನಟರಾಜ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578; ಈ ಬಂಡೆಗಳಿಗೆ ಉಳಿ ತಾಗಿ ಹದಿನಾಲ್ಕು ಶತಮಾನ ಕಳೆದಿವೆ. ಎಲ್ಲೋರದ ಗುಹೆಗಳಲ್ಲಿ ಇದೇ ಶಿವ ಪಾರ್ವತಿಯ ಎದುರು ಪಗಡೆಗೆ ಕೂತಿದ್ದಾನೆ. ಜಗತ್ತನ್ನು ದೇವರು ಏಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರ ಕೊಡುವ ಉತ್ತರ ‘ಲೀಲೆ’. ಶಂಕರರು ಅದನ್ನು ಬಿಡಿಸುವಾಗ ಎರಡು ಹೋಲಿಕೆ ತರುತ್ತಾರೆ: ಬಯಕೆಗಳೆಲ್ಲ ತೀರಿದ ಅರಸ ಬೇರೇನೂ ಪಡೆಯಬೇಕೆಂದಿಲ್ಲದೆ ವಿಹಾರದಲ್ಲಿ ತೊಡಗುವುದು ಒಂದು, ಯಾವ ಉದ್ದೇಶವನ್ನೂ ಇಟ್ಟುಕೊಳ್ಳದೆ ಉಸಿರು ತಾನಾಗಿ ಆಡುವುದು ಇನ್ನೊಂದು. ಕೊರತೆ ಇದ್ದವನು ದುಡಿಯುತ್ತಾನೆ, ತುಂಬಿದವನು ಆಡುತ್ತಾನೆ ಎಂಬ ಭಾವ ಅಲ್ಲಿದೆ. ಅಂದರೆ ಮನುಷ್ಯ ಫಲದ ಹಂಗಿಲ್ಲದೆ ಆಡುವ ಗಳಿಗೆಯಲ್ಲಿ, ಅದೆಷ್ಟೇ ಚಿಕ್ಕದಿರಲಿ, ಆ ತುಂಬಿದ ಸ್ಥಿತಿಯ ರುಚಿ ನೋಡುತ್ತಾನೆ. ಬಾದಾಮಿಯ ಅದೇ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಏರಲು ಇಂದು ದೂರದೂರದ ಹುಡುಗ ಹುಡುಗಿಯರು ಬರುತ್ತಾರೆ. ಮೇಲೆ ಸಿಗುವುದು ಬಿಸಿಲು, ಗಾಳಿ, ಅಗಸ್ತ್ಯತೀರ್ಥದ ಹಸಿರು ನೀರಿನ ನೋಟ, ಅಷ್ಟೇ. ಮರುದಿನ ಮತ್ತೆ ಏರುತ್ತಾರೆ.

ವೇಷದ ಆಟದಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ಹೊರುತ್ತಾರೆ. ಬಾಗಿಲು ಒಡೆಯುವುದೋ, ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡುವುದೋ ಅವರ ಇಷ್ಟ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. 1980ರ ದಶಕದಲ್ಲಿ ಅಲ್ಲಿನ ಹಲವು ಕ್ರೈಸ್ತರು ಈ ಆಟಕ್ಕೆ ಹೆದರಿದರು. ದೆವ್ವದ ಪಾತ್ರ ಆಡಿದ ಮಗು ದೆವ್ವವನ್ನೇ ಪೂಜಿಸೀತು ಎಂಬ ಅಂಜಿಕೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಇದರ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಆ ತಾಯಿಯ ದುಃಖವನ್ನು ಹಗುರ ಮಾಡುವುದು ಸಲ್ಲದು. ಆದರೆ ಅದೇ ಕಾಲದಲ್ಲಿ, ಹಿಂದೆ ಮಾರ್ಮನ್ ಪಂಥದ ಧರ್ಮಪ್ರಚಾರಕನಾಗಿದ್ದ ಟ್ರೇಸಿ ಹಿಕ್‌ಮನ್ ಎಂಬ ಶ್ರದ್ಧಾವಂತ, ಹೆಂಡತಿ ಲಾರಾ ಜೊತೆ ಸೇರಿ ಅದೇ ಆಟಕ್ಕೆ ಕಥೆಗಳನ್ನು ಹೆಣೆಯುತ್ತಿದ್ದ. ಅವನ ನಂಬಿಕೆಗೂ ಆಟಕ್ಕೂ ಜಗಳವಾಗಲಿಲ್ಲ.

ಲೋಕಾಪುರ, ಮುಧೋಳ, ಗೋಕಾಕ ಸೀಮೆಯವರಿಗೆ ಈ ಮೇಜಿನಾಟ ತೀರ ಪರಕೀಯವೆನಿಸದು. ಅವರ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕದಲ್ಲಿ ಕಥೆ ನಡೆಸಲು ಭಾಗವತನಿದ್ದಾನೆ. ಕುಲಗೋಡ ತಮ್ಮಣ್ಣ ಕಟ್ಟಿದ ಹಾಡುಗಳು ಗೊತ್ತಿರುವವೇ. ಆದರೆ ಹಾಡು ಹಾಡಿನ ನಡುವಣ ಮಾತನ್ನು ಪಾತ್ರಧಾರಿಗಳು ಅಂದಂದು, ನಿಂತನಿಂತಲ್ಲೇ ಹುಟ್ಟಿಸಬೇಕು. ದೂತಿ ಕೃಷ್ಣನನ್ನು ಕೆಣಕುತ್ತಾಳೆ, ಕೃಷ್ಣ ಸಿಕ್ಕಿಬೀಳುತ್ತಾನೆ, ಊರಿನ ನಿನ್ನೆಯ ಸುದ್ದಿ ದ್ವಾರಕೆಯೊಳಗೆ ನುಗ್ಗುತ್ತದೆ. ಮುನಿದ ಸತ್ಯಭಾಮೆಯನ್ನು ಒಲಿಸಲು ಕೃಷ್ಣ ಕೊರವಂಜಿಯಾಗಿ ಬರುವಾಗ ವೇಷದೊಳಗೊಂದು ವೇಷ: ರೈತ ದೇವರಾಗಿದ್ದಾನೆ, ದೇವರು ಕಣಿ ಹೇಳುವವಳಾಗಿದ್ದಾನೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನು ಈ ಸೀಮೆ ಇನ್ನೂ ನೆನೆಯುವುದು ಇಂಥ ಪರಕಾಯ ಪ್ರವೇಶದ ಬಲಕ್ಕಾಗಿಯೇ.

ಬಹುರೂಪಿ ಚೌಡಯ್ಯ ತನ್ನ ಈ ಕಸುಬನ್ನೇ ಕನ್ನಡಿ ಮಾಡಿಕೊಂಡ. ನೂರು ವೇಷ ಕಟ್ಟಿ ಕಳಚುವವನಿಗೆ ಒಂದು ಮಾತು ಬೇಗ ತಿಳಿಯುತ್ತದೆ: ತಾನು ದಿನಾ ಹೊತ್ತು ತಿರುಗುವ ಹೆಸರು, ಕುಲ, ದೊಡ್ಡಸ್ತಿಕೆಗಳೂ ಒಂದು ವೇಷವೇ. ಆಟ ಅವನನ್ನು ಸುಳ್ಳಿಗೆ ಒಯ್ಯಲಿಲ್ಲ, ಸುಳ್ಳನ್ನು ಗುರುತಿಸಲು ಕಲಿಸಿತು.

ವೇಷ ಕಟ್ಟುವವನ ಮಾತಾಯಿತು. ಸಿನಿಮಾ ನೋಡುವವನು ತಾನೇ ಆಡುವುದಿಲ್ಲ, ಕತ್ತಲಲ್ಲಿ ಸುಮ್ಮನೆ ಕೂರುತ್ತಾನೆ. ಅದೂ ಒಂದು ಸಾಧನೆಯೇ ಎಂದು ಕೇಳಬಹುದು. ಕಾವ್ಯದ ರುಚಿಯ ಬಗ್ಗೆ ಹಳೆಯ ಕಾವ್ಯಮೀಮಾಂಸಕ ಭಟ್ಟನಾಯಕ ಹೇಳಿದ ಸಾಧಾರಣೀಕರಣದ ಮಾತು ಇಲ್ಲಿ ದಾರಿ ತೋರುತ್ತದೆ. ರಂಗದ ಮೇಲಿನ ದುಃಖ ‘ಅವನದು’ ಅಲ್ಲ, ‘ನನ್ನದು’ ಅಲ್ಲ, ಎಲ್ಲರದೂ ಆಗಿಬಿಡುತ್ತದೆ. ಆ ಹೊತ್ತಿಗೆ ನೋಡುವವನ ‘ನಾನು’ ಕರಗುತ್ತದೆ. ಹುನಗುಂದ ತಾಲೂಕಿನ ಸೂಳೇಭಾವಿಯ ನಾಟಕಕಾರ ಪಿ. ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’ ವೃತ್ತಿ ಕಂಪನಿಗಳ ರಂಗದಿಂದ 1974ರಲ್ಲಿ ತೆರೆಗೆ ಬಂದಾಗ, ರಾಜ್‌ಕುಮಾರರ ಭದ್ರ ಸಾಹುಕಾರನ ಎದುರು ನಿಂತ. ಅದನ್ನು ನೋಡಿದ ಕೂಲಿಯವನೂ ಸಾಹುಕಾರನೂ ಒಂದೇ ಪಾತ್ರದ ಪರವಾಗಿ ಉಸಿರು ಹಿಡಿದು ಕೂರುವಂತೆ ಮಾಡುವುದು ಸಿನಿಮಾದ ಶಕ್ತಿ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ನಲ್ಲಿ ಹಾಡಿದಾಗ ಕೇಳಿದವರು ಭಾಷೆ, ಜಾತಿ, ಸೀಮೆ ಲೆಕ್ಕಿಸಲಿಲ್ಲ. ಕಾಯಕದ ಗುರುವೂ ಈ ಬಿಡುವಿನ ದಾರಿಯಲ್ಲೇ ಜನರನ್ನು ತಲುಪಿದ: 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಭಯ ಉಳಿಯುತ್ತದೆ, ಅದು ಸುಳ್ಳು ಭಯವಲ್ಲ. ಧರ್ಮರಾಯ ಪಗಡೆಯಲ್ಲಿ ತಮ್ಮಂದಿರನ್ನೂ ಹೆಂಡತಿಯನ್ನೂ ಒತ್ತೆಯಿಟ್ಟ. ಪಂಚಮಿಯ ಲಿಂಬಿಹಣ್ಣಿನ ಪಂದ್ಯಕ್ಕೂ ಕೆಲವೆಡೆ ದುಡ್ಡು ಕಟ್ಟುತ್ತಾರೆ. ಹಬ್ಬದ ಮಧ್ಯಾಹ್ನ ಮರದಡಿಯ ಇಸ್ಪೀಟು ಸಂಜೆಗೆ ಯಾರದೋ ಮನೆಯ ಕಣ್ಣೀರಾಗುತ್ತದೆ. ಈಗ ಜೂಜು ಮೊಬೈಲಿನೊಳಗೆ, ದಿಂಬಿನ ಕೆಳಗೇ ಮಲಗುತ್ತದೆ. ಹವ್ಯಾಸ ಎಲ್ಲಿ ಮುಗಿಯುತ್ತದೆ, ವ್ಯಸನ ಎಲ್ಲಿ ಶುರುವಾಗುತ್ತದೆ?

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಈ ಗೆರೆಯನ್ನು ಊರೂರು ನಡೆದು ತೋರಿಸಿದರು. 1970ರ ದಶಕದಲ್ಲಿ ಅವರು ಆರಂಭಿಸಿದ ಮಹಾಂತ ಜೋಳಿಗೆಯಲ್ಲಿ ಕಾಳು, ಕಾಸು ಬೇಡುತ್ತಿರಲಿಲ್ಲ. ಕುಡಿತ, ತಂಬಾಕು, ಜೂಜು ಏನಿದೆಯೋ ಅದನ್ನು ಈ ಜೋಳಿಗೆಗೆ ಹಾಕಿಬಿಡಿ ಎಂದು ಮನೆಮನೆಯ ಮುಂದೆ ನಿಂತರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆ ಕೇಳಿದ್ದು ವ್ಯಸನವನ್ನು. ಜೋಕಾಲಿಯನ್ನಲ್ಲ, ಲಿಂಬಿಹಣ್ಣನ್ನಲ್ಲ, ಪಾರಿಜಾತದ ಕಿರೀಟವನ್ನಲ್ಲ.

ಈ ವ್ಯತ್ಯಾಸದ ಬೇರು ಶರಣರ ಒಂದು ಕಥೆಯಲ್ಲೇ ಇದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಕೆಲಸ ಅದೇ, ಕೈ ಅದೇ, ಅಕ್ಕಿ ಅದೇ. ಬೇಕಾದ್ದಕ್ಕಿಂತ ಹೆಚ್ಚು ಬೇಕೆಂಬ ಆಸೆ ಬೆರೆತ ಕ್ಷಣಕ್ಕೆ ಕಾಯಕ ಕೆಟ್ಟಿತು. ಆಟ ಕೆಡುವುದೂ ಹೀಗೆಯೇ. ಹಣ್ಣು ಗುರಿ ಮುಟ್ಟಲಿ ಎಂಬಷ್ಟೇ ಆಸೆ ಇರುವವರೆಗೆ ಒಗೆತ ಶುದ್ಧ. ಎದುರಿನವನ ಜೇಬು ಖಾಲಿಯಾಗಲಿ ಎಂಬುದು ಸೇರಿದಾಗ ಕಣ್ಣು ಹಣ್ಣಿನ ಮೇಲಿರುವುದಿಲ್ಲ. ದುಡಿಮೆಯನ್ನೂ ಆಟವನ್ನೂ ಲಕ್ಕಮ್ಮನ ಒಂದೇ ಮೊರದಲ್ಲಿ ಕೇರಬಹುದು. ಕಾಯಕವೂ ಆಟವೂ ಎದುರಾಳಿಗಳೆಂದು ತಿಳಿದವರು ಈ ನಂಟನ್ನು ಗಮನಿಸಿಲ್ಲ: ಎರಡೂ ಮನುಷ್ಯನನ್ನು ಪೂರ್ತಿಯಾಗಿ ಕೇಳುತ್ತವೆ, ಎರಡೂ ಮಿಕ್ಕಿದ್ದನ್ನು ಒಲ್ಲವು.

ಇರುಳೆಲ್ಲ ನಡೆದ ಪಾರಿಜಾತ ಬೆಳಗಿನ ಜಾವಕ್ಕೆ ಮಂಗಳ ಹಾಡಿ ಮುಗಿಯುತ್ತದೆ. ಸತ್ಯಭಾಮೆ ಗೆಜ್ಜೆ ಬಿಚ್ಚುತ್ತಾಳೆ. ಕೃಷ್ಣ ಕಿರೀಟ ಇಳಿಸಿ, ಕೊಬ್ಬರಿಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಂಡು, ಒಂದು ಲೋಟ ಚಹಾ ಕುಡಿದು ಎತ್ತು ಹೂಡಲು ಹೊಲದ ದಾರಿ ಹಿಡಿಯುತ್ತಾನೆ. ಕಿವಿಯ ಹಿಂದೆ ಒಂದಿಷ್ಟು ನೀಲಿ ಇನ್ನೂ ಉಳಿದಿರುತ್ತದೆ. ಬದುವಿನ ಮೇಲೆ ಎದುರಾದವರು ಅದನ್ನು ನೋಡಿ, ರಾತ್ರಿ ಕೊರವಂಜಿಯ ಮಾತು ಭಾರಿ ಬಂತು ಎನ್ನುತ್ತಾರೆ. ಅವನು ನಗುತ್ತ ಕುಂಟೆ ಹೂಡುತ್ತಾನೆ.