ಬಿಗಿದ ಪಿಸ್ಟನ್, ಕಾಯುವ ಕಾಯಕ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಇಂದಿಗೂ ನನ್ನ ಗ್ಯಾರೇಜಿಗೆ ಬರುತ್ತವೆ. ವರ್ಷಗಟ್ಟಲೆ ಮಳೆಯಲ್ಲಿ ನಿಂತ ಗಾಡಿಯ ಹೆಡ್ ಬಿಚ್ಚಿದರೆ, ಸಿಲಿಂಡರಿನ ತುಕ್ಕು ಪಿಸ್ಟನ್ನನ್ನೂ ರಿಂಗುಗಳನ್ನೂ ಕಚ್ಚಿ ಹಿಡಿದಿರುತ್ತದೆ. ಸುತ್ತಿಗೆಯಿಂದ ಬಡಿದರೆ ಪಿಸ್ಟನ್ನೇ ಒಡೆದೀತು. ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಸುರಿದು ಬಿಡುತ್ತೇನೆ. ಅದು ಅಂಚಿನ ಕೂದಲೆಳೆಯಷ್ಟು ಸಂದಿಯಲ್ಲಿ ಇಳಿಯಬೇಕು. ಮಟ್ಟ ತಗ್ಗಿದಂತೆ ಮತ್ತೆ ತುಂಬಿಸಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತೇನೆ.

ನಡುವಿನ ದಿನಗಳಲ್ಲಿ ಕೈ ಸುಮ್ಮನಿರುತ್ತದೆ. ಅದೂ ಕಾಯಕವೇ? ಹೌದೆಂದೇ ನನ್ನ ನಂಬಿಕೆ. ದಿನವೂ ಎಣ್ಣೆಯ ಮಟ್ಟ ನೋಡುವವನು ಸೋಮಾರಿಯಲ್ಲ. ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದರು. ಪೂಜೆಯಲ್ಲಿ ಅವಸರಕ್ಕೆ ಜಾಗವಿಲ್ಲ. ಲೋಹಕ್ಕೆ ಬೇಕಾದಷ್ಟು ಹೊತ್ತು ಕೊಡಬೇಕಾದರೆ ಮೊದಲು ನನ್ನ ಹಟ ಸಡಿಲವಾಗಬೇಕು. ದೇವರು ನಮ್ಮಿಂದ ಬೇಡುವುದೂ ಅದನ್ನೇ.