ಗುರುವಿನ ನೋಟ, ಶಿಷ್ಯನ ನೋಟ

ಹಗರಿಬೊಮ್ಮನಹಳ್ಳಿ ಸೀಮೆಯ ಕೋಗಳಿಯಲ್ಲಿ ಹಳೆಯ ಜೈನ ಬಸದಿಯಿದೆ. ಯಾವ ಮಾತೇ ಆಗಲಿ, ಅದನ್ನಾಡಿದವನು ನಿಂತ ಜಾಗದಿಂದಷ್ಟೇ ನಿಜ ಎನ್ನುವ ಜೈನರ ಸ್ಯಾದ್ವಾದ ಈ ಸೀಮೆಗೆ ಹೊಸದಲ್ಲ. ಹಾಗಿದ್ದರೆ ಅರೆನಿಜಗಳನ್ನೆಲ್ಲ ಕೂಡಿಸಿದರೆ ಪೂರ್ಣ ಸತ್ಯ ಸಿಕ್ಕೀತೆ?

ಹರಪನಹಳ್ಳಿಯಿಂದ ದಾವಣಗೆರೆಗೆ ಹೋಗಿ ತಲೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಬಂದವರ ಫಿಲ್ಮಿನಲ್ಲೇ ಇದಕ್ಕೊಂದು ಉತ್ತರವಿದೆ. ಎಕ್ಸ್-ರೇ ಕಿರಣಗಳು ಹಲವು ಕೋನಗಳಿಂದ ತಲೆಯನ್ನು ಹಾದುಹೋಗುತ್ತವೆ. ಒಂದೊಂದು ಕೋನದಿಂದ ಸಿಗುವುದು ಒಂದೊಂದು ನೆರಳು, ಅಷ್ಟೇ. ಆ ನೆರಳುಗಳನ್ನು ಇದ್ದಂತೆಯೇ ಒಂದರ ಮೇಲೊಂದು ಹೇರಿದರೆ ಎಲುಬಿನ ಚೂರೊಂದರ ಸುತ್ತಲೂ ಮಸುಕು ಹರಡಿಕೊಳ್ಳುತ್ತದೆ. ಕೂಡಿಸುವ ಮೊದಲು ಪ್ರತಿ ನೋಟವನ್ನೂ ತಿದ್ದಬೇಕು.

ಆ ತಿದ್ದುಪಡಿಗೆ 1971ರಲ್ಲಿ ಹಗುರವಾದ ಲೆಕ್ಕವೊಂದನ್ನು ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಕಿರಿಯ ಸಹಸಂಶೋಧಕ ಎ.ವಿ. ಲಕ್ಷ್ಮೀನಾರಾಯಣನ್. ಪ್ರತಿ ಬಿಂದುವಿನ ಅಳತೆಯಿಂದ ಅಕ್ಕಪಕ್ಕದ ಬಿಂದುಗಳ ಪಾಲನ್ನು, ಒಂದು ಬಿಟ್ಟು ಒಂದರಂತೆ, ಕಳೆಯುತ್ತ ಹೋಗಬೇಕು. ದೂರ ಹೆಚ್ಚಿದಂತೆ ಕಳೆಯುವ ಪಾಲು ಕಡಿಮೆ. ಫೂರಿಯೇ ರೂಪಾಂತರ ಎಂಬ ಗಣಿತದ ಸುತ್ತುದಾರಿ ಬೇಕಾಗಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು.

ರಾಮಚಂದ್ರನ್ ಆಗಲೇ ದೊಡ್ಡ ಹೆಸರು. ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಬಿಡಿಸಿದ್ದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರು. 1942ರಲ್ಲಿ ಅದೇ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದಿದ್ದ ಅವರನ್ನು ಭೌತವಿಜ್ಞಾನಕ್ಕೆ ಸೇರಿಸಿಕೊಂಡವರು ಸಿ.ವಿ. ರಾಮನ್. ತಮಗೆ ಸಿಕ್ಕ ಆಸರೆಯನ್ನು ರಾಮಚಂದ್ರನ್ ಕಿರಿಯರಿಗೂ ಕೊಟ್ಟರು. ನಂತರದ ವರ್ಷಗಳಲ್ಲಿ ಅವರು ಸ್ಯಾದ್ವಾದವನ್ನೇ ಗಣಿತದ ತರ್ಕಕ್ಕೆ ಒಗ್ಗಿಸಲು ದುಡಿದರು.

ಉಜ್ಜಿನಿ ಪೀಠ ಇರುವ, ಕೊಟ್ಟೂರಿನ ಗುರುಬಸವೇಶ್ವರನಿಗೆ ತೇರೆಳೆಯುವ ನಾಡೂ ಕೋಗಳಿಯ ಈ ಸೀಮೆಯೇ. ವೀರಶೈವರ ಅಷ್ಟಾವರಣದಲ್ಲಿ ಗುರುವೇ ಮೊದಲು. ಹಾಗಾದರೆ ಶಿಷ್ಯನ ಕಣ್ಣಿಗೆ ಏನು ಬೆಲೆ? ಸ್ಯಾದ್ವಾದವನ್ನು ಮನಸಾರೆ ಒಪ್ಪಿದ ಗುರು ತನ್ನ ನೋಟವೂ ಒಂದು ಕೋನದ್ದೇ ಎಂದು ಒಪ್ಪಲೇಬೇಕು; ಆಗ ಶಿಷ್ಯನನ್ನು ಬೆಳೆಸುವುದು ಔದಾರ್ಯವಲ್ಲ, ಸತ್ಯಕ್ಕೆ ಬೇಕಾದ ಕೆಲಸ. ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತವೆಂದರೆ ಎಲ್ಲ ಮಾತಿಗೂ ತಲೆಯಾಡಿಸುವುದಲ್ಲ ಎಂಬುದನ್ನೂ ಸ್ಕ್ಯಾನಿನ ಆ ಲೆಕ್ಕ ತೋರಿಸುತ್ತದೆ. ತಿದ್ದದೆ ಪೇರಿಸಿದ ನೋಟಗಳಿಂದ ಹುಟ್ಟುವುದು ಮಸುಕೇ.

ಸಿ.ಟಿ. ಸ್ಕ್ಯಾನ್‌ಗಾಗಿ 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರಿಗೆ ಸಂದಿತು. ನೋಟಗಳನ್ನು ತಿದ್ದುವ ಈ ಲೆಕ್ಕದ ಫಿಲ್ಟರಿಗೆ ಮಾತ್ರ ಇವತ್ತಿಗೂ ‘ರಾಮ್-ಲ್ಯಾಕ್’ ಎಂದೇ ಹೆಸರು. ಬೀಸಣಿಗೆಯಂತೆ ಹರಡುವ ಕಿರಣಗಳಿಗೆ ಇದನ್ನು ಹೊಂದಿಸಿದ 1975ರ ಬಫಲೋ ವಿಶ್ವವಿದ್ಯಾಲಯದ ವರದಿಯಲ್ಲಿ ಇರುವುದು ಲಕ್ಷ್ಮೀನಾರಾಯಣನ್ ಒಬ್ಬರದೇ ಹೆಸರು.