ಎಷ್ಟು ಪೇಪರ್ ಬಂತು?

ಓರಗಿತ್ತಿಯ ಮಗಳು ಪಿಎಚ್.ಡಿ. ಮುಗಿಸಿ ಮೂರು ವರ್ಷದಿಂದ ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ದೀಪಾವಳಿಗೆ ಬಂದಾಗ ಹೋಳಿಗೆ ಲಟ್ಟಿಸುತ್ತ ಕೇಳಿಬಿಟ್ಟೆ: "ಎಷ್ಟು ಪೇಪರ್ ಬಂತೇ?" "ಒಂದು, ಚಿಕ್ಕಮ್ಮ" ಎಂದವಳು ನೀರು ಕುಡಿಯುವ ನೆವದಲ್ಲಿ ಎದ್ದು ಹೋದಳು.

ಆಮೇಲೆ ಹಂಗೇರಿಯ ಕಾಟಲಿನ್ ಕಾರಿಕೊ ಅವರ ಬಗ್ಗೆ ಓದಿದೆ. 1985ರಲ್ಲಿ ಸಂಶೋಧನಾಲಯದ ಕೆಲಸ ಹೋದಾಗ, ಕಾರು ಮಾರಿದ ಹಣವನ್ನು ಎರಡು ವರ್ಷದ ಮಗಳ ಕರಡಿಗೊಂಬೆಯೊಳಗೆ ಹೊಲಿದು (ಹೊಲಿಗೆ ಬಲ್ಲವರಿಗೇ ಹೊಳೆಯುವ ಉಪಾಯ!) ಸಂಸಾರ ಸಮೇತ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಪೋಸ್ಟ್‌ಡಾಕ್ ಆಗಿ ಹೊರಟರು. ಅಲ್ಲಿ ನ್ಯೂಕ್ಲಿಯೋಸೈಡ್‌ಗಳ ಕೆಲಸದಲ್ಲಿ ಕೈ ಪಳಗಿತು. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅನುದಾನ ಸಿಗದೆ, 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. 2005ರಲ್ಲಿ ಡ್ರೂ ವೈಸ್‌ಮನ್ ಜೊತೆಗೂಡಿ, ಆರ್‌ಎನ್‌ಎಯ ನ್ಯೂಕ್ಲಿಯೋಸೈಡ್ ಬದಲಿಸಿದರೆ ದೇಹ ಅದರ ಮೇಲೆ ಕೆರಳದೆಂದು ತೋರಿಸಿದರು. ಕೋವಿಡ್ ಲಸಿಕೆಗೆ ಅದೇ ಬುನಾದಿಯಾಯಿತು. 2023ರಲ್ಲಿ ನೊಬೆಲ್ ಬಂತು.

ಕಲಿಯಲು ಹೋದದ್ದಕ್ಕೂ ಫಲಕ್ಕೂ ನಡುವೆ 20 ವರ್ಷ. 1995ರಲ್ಲಿ ಲೆಕ್ಕ ಹಾಕಿದವರ ಎಣಿಕೆ ತಪ್ಪಿರಲಿಕ್ಕಿಲ್ಲ, ಆತುರವಾಯಿತು, ಅಷ್ಟೆ. ಹಾಗೆಂದು ಜನರ ತೆರಿಗೆ ಹಣ ಹಂಚುವವರು ಎಲ್ಲರಿಗಾಗಿ 20 ವರ್ಷ ಕಾಯಲಾದೀತೆ? ಬಾರದ ಫಲಕ್ಕೆ ಕಾದವರೂ ಇದ್ದಾರಲ್ಲ. ಅವರು ಎಣಿಸಲೇಬೇಕೇನೋ. ಆದರೆ ಒಂದು ಕಾಸೂ ಕೊಡದ ನಾನು ಯಾಕೆ ಎಣಿಸಿದೆ?

ಮೊನ್ನೆ ಫೋನಿನಲ್ಲಿ "ಅಲ್ಲಿ ಏನು ಕಲಿಯುತ್ತಿದ್ದೀ?" ಎಂದೆ. ಮುಕ್ಕಾಲು ಗಂಟೆ ಹೇಳಿದಳು. ಅರ್ಧ ಅರ್ಥವಾಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.